ಮರಳಲ್ಲಿ ತಿದ್ದಿಸಿದರೆ ಸಾಕೇ? ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಕನ್ನಡ ಓದು ಕಲಿಸುವ ಬಗೆ

ಓದಲು ಕಷ್ಟಪಡುವ ಮಕ್ಕಳ ವಿಷಯ ಬಂದಾಗೆಲ್ಲ ಈಗ ‘ಬಹು ಇಂದ್ರಿಯ ಬೋಧನೆ’ ಎಂಬ ಮಾತು ಬರುತ್ತದೆ. ಕಣ್ಣು, ಕಿವಿ, ಬಾಯಿ, ಕೈ ಎಲ್ಲವನ್ನೂ ಬಳಸಿ ಕಲಿಸಿ ಎಂದು ತರಬೇತಿಗಳಲ್ಲಿ ಹೇಳುತ್ತಾರೆ. ಅಕ್ಕೋರು ಶಾಲೆಗೆ ವಾಪಸ್ ಬಂದು ತಟ್ಟೆಯಲ್ಲಿ ಹೊಯ್ಗೆ ಹರಡುತ್ತಾರೆ. ಬಡಗಿಗಳು ಬಳಸುವ ಪಾಲಿಶ್ ಪೇಪರಿನಲ್ಲಿ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸುತ್ತಾರೆ. ಕೆಲವು ದಿನ ಮಕ್ಕಳು ಖುಷಿಯಿಂದ ತಿದ್ದುತ್ತಾರೆ. ಆಮೇಲೆ ನೋಡಿದರೆ ಓದು ಬಾರದ ಮಗು ಇದ್ದಲ್ಲೇ ಇರುತ್ತದೆ. ಅಕ್ಕೋರಿಗೆ ಬೇಸರ, ಮನೆಯವರಿಗೆ ಅನುಮಾನ, ಮಗುವಿಗೆ ಮತ್ತೊಂದು ಸೋಲು.

ಕಾರವಾರದಿಂದ ಭಟ್ಕಳದವರೆಗೆ ಉದ್ದಕ್ಕೂ ಸಮುದ್ರ ಇರುವ ಜಿಲ್ಲೆ ನಮ್ಮ ಉತ್ತರ ಕನ್ನಡ. ಮರಳಿಗೆ ಬರ ಇಲ್ಲ. ಆ ಮರಳಿನ ಮೇಲೆ ಯಾವ ಅಕ್ಷರ ಮೊದಲು ಬರಬೇಕು, ಯಾವುದು ಆಮೇಲೆ, ಕೈ ತಿದ್ದುವಾಗ ಬಾಯಿ ಏನು ಹೇಳಬೇಕು, ನಾಳೆ ಮತ್ತೆ ಏನನ್ನು ಕೇಳಬೇಕು ಎಂಬ ಲೆಕ್ಕಾಚಾರಕ್ಕೆ ಮಾತ್ರ ಬರ. ಈ ವಿಧಾನದ ಜೀವ ಇರುವುದು ಆ ಲೆಕ್ಕಾಚಾರದಲ್ಲಿ. ಅದು ಇಲ್ಲದಿದ್ದರೆ ಮರಳ ತಟ್ಟೆ ಸುಮ್ನೆ ಒಂದು ಆಟಿಕೆ.

ಡಿಸ್ಲೆಕ್ಸಿಯಾ ಕಣ್ಣಿನ ದೋಷ ಅಲ್ಲ. ಬುದ್ಧಿ ಕಡಿಮೆ ಎಂದೂ ಅಲ್ಲ. ಕೇಳಿದ ಮಾತನ್ನು ಸಣ್ಣ ಸಣ್ಣ ಧ್ವನಿಗಳಾಗಿ ಒಡೆಯಬೇಕು, ಒಂದೊಂದು ಧ್ವನಿಗೂ ಅದರ ಅಕ್ಷರ ಜೋಡಿಸಬೇಕು, ಜೋಡಿಸಿದ್ದನ್ನು ಮರುಕ್ಷಣದಲ್ಲಿ ನೆನಪಿನಿಂದ ಎಳೆದು ತರಬೇಕು. ಓದು ಎಂದರೆ ಇಷ್ಟೂ ಕೆಲಸ. ಕೆಲವು ಮಕ್ಕಳ ಮಿದುಳಿಗೆ ಇದು ಸಲೀಸಾಗಿ ಆಗುವುದಿಲ್ಲ. ಅಪ್ಪನಿಗೋ ಸೋದರಮಾವನಿಗೋ ಓದು ಹತ್ತಿರಲಿಲ್ಲ ಎಂಬ ಮಾತು ಇಂಥ ಮಕ್ಕಳ ಮನೆಯಲ್ಲಿ ಎಷ್ಟೋ ಸಲ ಕೇಳಿಬರುತ್ತದೆ. ಅದು ಕಾಕತಾಳೀಯ ಅಲ್ಲ, ಇದು ವಂಶದಲ್ಲಿ ಹರಿದು ಬರುವಂಥದ್ದು. ನೂರು ಮಕ್ಕಳಲ್ಲಿ 5ರಿಂದ 10 ಮಕ್ಕಳಿಗೆ ಒಂದಲ್ಲ ಒಂದು ಮಟ್ಟದಲ್ಲಿ ಇದು ಇರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. ಅಂದರೆ ನಮ್ಮ ಹೆಚ್ಚುಕಡಿಮೆ ಪ್ರತಿ ಊರಿನ ಶಾಲೆಯಲ್ಲೂ ಒಬ್ಬರಾದರೂ ಇರಬಹುದು.

ಡಿಸ್ಲೆಕ್ಸಿಯಾ ಎಂಬ ಹೆಸರು ಕೊಟ್ಟಿದ್ದು 1887ರಲ್ಲಿ, ಜರ್ಮನಿಯ ನೇತ್ರ ವೈದ್ಯ ರುಡಾಲ್ಫ್ ಬರ್ಲಿನ್. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದರು. ಹುಡುಗ ಚುರುಕು, ಆಟದಲ್ಲೂ ಮುಂದು, ಆದರೆ ಓದು ಮಾತ್ರ ಹತ್ತದು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಅವನೇ ಜಾಣ ಆಗಿರುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದನ್ನೂ ಮಾರ್ಗನ್ ದಾಖಲಿಸಿದ್ದಾರೆ. ನೂರಿಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನಮ್ಮ ಮಾಸ್ತರುಗಳೂ ಈಗ ಹೀಗೇ ಹೇಳುತ್ತಾರೆ: ‘ಯಕ್ಷಗಾನ ಆಟದ ಕಥೆ ಕೇಳಿದರೆ ಪ್ರಸಂಗ ಪೂರ್ತಿ ಹೇಳ್ತಾನೆ. ಪುಸ್ತಕ ಕೊಟ್ಟರೆ ಬಾಯಿ ಬಿಡೋದಿಲ್ಲ.’

ವಿಧಾನ ಹುಟ್ಟಿದ ಬಗೆ

ಅಮೆರಿಕದ ನರವೈದ್ಯ ಸ್ಯಾಮ್ಯುಯೆಲ್ ಆರ್ಟನ್ 1920ರ ದಶಕದಲ್ಲಿ ಇಂಥ ಮಕ್ಕಳನ್ನು ಗಮನಿಸಲು ಶುರು ಮಾಡಿದರು. ಅವರ ಜೊತೆ ಕೆಲಸ ಮಾಡಿದ ಆನಾ ಗಿಲ್ಲಿಂಗ್‌ಹ್ಯಾಮ್, ಬೆಸ್ಸಿ ಸ್ಟಿಲ್ಮನ್ ಎಂಬ ಇಬ್ಬರು ಶಿಕ್ಷಕಿಯರು 1930ರ ದಶಕದಲ್ಲಿ ಪಾಠದ ಕೈಪಿಡಿ ಬರೆದರು. ಈಗ ಆರ್ಟನ್–ಗಿಲ್ಲಿಂಗ್‌ಹ್ಯಾಮ್ ವಿಧಾನ ಎನ್ನುವುದು ಇದನ್ನೇ. ಅದೇ ಕಾಲದಲ್ಲಿ ಗ್ರೇಸ್ ಫರ್ನಾಲ್ಡ್ ಎಂಬವರು ಮಕ್ಕಳಿಂದ ಇಡೀ ಪದವನ್ನೇ ಬೆರಳಲ್ಲಿ ತಿದ್ದಿಸುವ ಇನ್ನೊಂದು ದಾರಿ ಹಿಡಿದಿದ್ದರು.

ಆ ಕೈಪಿಡಿಯ ತಿರುಳು ತುಂಬ ಸರಳ. ಮಗು ಅಕ್ಷರ ನೋಡಬೇಕು, ಅದರ ಧ್ವನಿಯನ್ನು ಬಾಯಿ ಬಿಟ್ಟು ಹೇಳಬೇಕು, ಹೇಳಿದ್ದನ್ನು ತಾನೇ ಕೇಳಬೇಕು, ಹೇಳುತ್ತ ಹೇಳುತ್ತಲೇ ಕೈಯಲ್ಲಿ ಬರೆಯಬೇಕು. ನಾಲ್ಕೂ ಒಂದೇ ಹೊತ್ತಿಗೆ ಆಗಬೇಕು. ಯಕ್ಷಗಾನದಲ್ಲಿ ಮದ್ದಳೆ ಕಲಿಯುವ ಹುಡುಗ ಬಾಯಲ್ಲಿ ತಾಳದ ನುಡಿ ಹೇಳುತ್ತ ಅದೇ ನುಡಿಯನ್ನು ಕೈಯಲ್ಲಿ ನುಡಿಸುತ್ತಾನಲ್ಲ, ಹಾಗೆ. ಬಾಯಿ ಸುಮ್ಮನಿದ್ದು ಕೈ ಮಾತ್ರ ಓಡಿದರೆ ಧ್ವನಿಗೂ ಅಕ್ಷರಕ್ಕೂ ನಂಟು ಬೆಳೆಯುವುದಿಲ್ಲ. ‘ಹತ್ತು ಸಲ ಬರೆದು ತಾ’ ಎಂಬ ಶಿಕ್ಷೆಯಿಂದ ಈ ಮಕ್ಕಳಿಗೆ ಏನೂ ಬಾರದಿರುವುದೂ ಅದಕ್ಕೇ. ಬೆರಳು ನೋಯುತ್ತದೆ, ಅಕ್ಷರ ನಿಲ್ಲುವುದಿಲ್ಲ.

ಇನ್ನೂ ಮೂರು ಸಂಗತಿ ಅದರೊಳಗೆ ಸೇರಿವೆ, ತರಬೇತಿಗಳಲ್ಲಿ ಬಿಟ್ಟುಹೋಗುವುದೂ ಇವೇ. ಪಾಠ ಸುಲಭದಿಂದ ಕಷ್ಟಕ್ಕೆ ಒಂದು ಕ್ರಮದಲ್ಲಿ ಸಾಗಬೇಕು. ಹೊಸದನ್ನು ಬಾಯಿಬಿಟ್ಟು ನೇರವಾಗಿ ಹೇಳಿಕೊಡಬೇಕು. ಮಗು ತಾನೇ ಕಂಡುಕೊಳ್ಳುತ್ತದೆ ಎಂದು ಕಾಯಬಾರದು. ಹಳೆಯದು ದಿನವೂ ವಾಪಸ್ ಬರಬೇಕು. ನಿನ್ನೆ ಬಂದದ್ದು ಇವತ್ತು ಮರೆತುಹೋಗುವುದು ಈ ಮಕ್ಕಳಲ್ಲಿ ಸಹಜ. ಬೇರೆ ಮಗುವಿಗೆ ನಾಲ್ಕು ಸಲ ಸಾಕಾಗುವ ಕಡೆ ಇವರಿಗೆ ಮೂವತ್ತು ಸಲ ಬೇಕಾಗಬಹುದು. ಅದನ್ನು ಸೋಮಾರಿತನ ಎಂದು ಕರೆದ ದಿನವೇ ಮಗು ಪುಸ್ತಕ ಮುಚ್ಚುತ್ತದೆ.

ಕೆಲಸ ಮಾಡುವುದು ಯಾವುದು?

ಇಲ್ಲಿ ಸ್ವಲ್ಪ ನಿಷ್ಠುರವಾಗಿ ಮಾತಾಡಬೇಕು. ಓದಿನ ಬಗ್ಗೆ ಅಮೆರಿಕ ಸರ್ಕಾರ ನೇಮಿಸಿದ ರಾಷ್ಟ್ರೀಯ ಸಮಿತಿ 2000ದಲ್ಲಿ ವರದಿ ಕೊಟ್ಟಿತು. ಧ್ವನಿ–ಅಕ್ಷರದ ಸಂಬಂಧವನ್ನು ಕ್ರಮಬದ್ಧವಾಗಿ ಕಲಿಸಿದರೆ ಮಕ್ಕಳ ಓದು ಸುಧಾರಿಸುತ್ತದೆ ಎಂದು ಅದು ಹೇಳಿತು. ಈ ಮಾತು ಆಮೇಲೂ ಗಟ್ಟಿಯಾಗಿ ನಿಂತಿದೆ. ಆದರೆ ಆರ್ಟನ್–ಗಿಲ್ಲಿಂಗ್‌ಹ್ಯಾಮ್ ವಿಧಾನದ ಬಗ್ಗೆ ಆದ ಅಧ್ಯಯನಗಳನ್ನು ಎಲಿಜಬೆತ್ ಸ್ಟೀವನ್ಸ್ ಮತ್ತು ಜೊತೆಗಾರರು ಒಟ್ಟು ಹಾಕಿ ತೂಗಿ ನೋಡಿ 2021ರಲ್ಲಿ ಪ್ರಕಟಿಸಿದಾಗ, ಸ್ವಲ್ಪ ಅನುಕೂಲ ಕಂಡರೂ ಅದು ಲೆಕ್ಕದ ಒರೆಗೆ ಗಟ್ಟಿಯಾಗಿ ನಿಲ್ಲಲಿಲ್ಲ. ಬೇರೆ ಒಳ್ಳೆಯ ಪಾಠಗಳಿಗಿಂತ ಇದೇ ಮೇಲು ಎಂದು ಎದೆ ತಟ್ಟಿ ಹೇಳುವಷ್ಟು ಸಾಕ್ಷ್ಯ ಸಿಗಲಿಲ್ಲ.

ಹಾಗಾದರೆ ಬೆರಳಿಂದ ತಿದ್ದುವುದು ದಂಡವೇ? ಹಾಗೂ ಅಲ್ಲ. ಫ್ರಾನ್ಸ್‌ನಲ್ಲಿ ಬಾರಾ, ಜೆಂಟಾಜ್ ಮತ್ತು ಜೊತೆಗಾರರು ಇನ್ನೂ ಓದಲು ಕಲಿಯದ ಪುಟ್ಟ ಮಕ್ಕಳ ಮೇಲೆ ನಡೆಸಿದ ಅಧ್ಯಯನ 2004ರಲ್ಲಿ ಬಂತು. ಧ್ವನಿಯ ಪಾಠದ ಜೊತೆ ಅಕ್ಷರವನ್ನು ಕೈಯಿಂದ ಮುಟ್ಟಿ ನೋಡಿದ ಮಕ್ಕಳು, ಕಣ್ಣಿನಿಂದ ಮಾತ್ರ ನೋಡಿದ ಮಕ್ಕಳಿಗಿಂತ ಚೆನ್ನಾಗಿ ಓದಿದರು. ಗಮನಿಸಿ, ಧ್ವನಿಯ ಪಾಠ ಎರಡೂ ಗುಂಪಿಗೆ ಇತ್ತು. ಮುಟ್ಟುವುದು ಅದರ ಮೇಲೆ ಸೇರಿದ ಬಲ. ಒಟ್ಟು ನೋಡಿದರೆ ನನಗೆ ಅನ್ನಿಸುವುದು ಇಷ್ಟು: ಕ್ರಮವೂ ಧ್ವನಿಯೂ ಇಲ್ಲದ ಕಡೆ ಮರಳು, ಮಣಿ, ಬಣ್ಣ ಯಾವುದೂ ಓದು ಕಲಿಸಲಾರದು. ಅವೆರಡೂ ಇದ್ದ ಕಡೆ ಕೈಯ ಕೆಲಸ ಮಗುವಿನ ಗಮನವನ್ನು ಹಿಡಿದು ನಿಲ್ಲಿಸುತ್ತದೆ, ನೆನಪಿಗೆ ಇನ್ನೊಂದು ಆಸರೆ ಕೊಡುತ್ತದೆ.

ಒಂದು ತಪ್ಪು ಕಲ್ಪನೆಯೂ ಇದರ ಬೆನ್ನಿಗೇ ಬಂದಿದೆ. ‘ನಿಮ್ಮ ಮಗು ನೋಡಿ ಕಲಿಯುವ ಬಗೆಯದು, ಇದು ಕೇಳಿ ಕಲಿಯುವ ಬಗೆಯದು’ ಎಂದು ಮಕ್ಕಳನ್ನು ವಿಂಗಡಿಸುತ್ತಾರಲ್ಲ, ಅದು. ಹೀಗೆ ವಿಂಗಡಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಹೆರಾಲ್ಡ್ ಪ್ಯಾಶ್ಲರ್ ಮತ್ತಿತರ ಮನಶ್ಶಾಸ್ತ್ರಜ್ಞರು 2008ರಲ್ಲೇ ಹೇಳಿದ್ದಾರೆ. ಬಹು ಇಂದ್ರಿಯ ವಿಧಾನ ಇದಕ್ಕೆ ತದ್ವಿರುದ್ಧ. ಅಲ್ಲಿ ಪ್ರತಿ ಮಗುವಿಗೂ ಎಲ್ಲ ಇಂದ್ರಿಯಗಳೂ ಒಟ್ಟಿಗೆ ಬೇಕು. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಎಂದು ಹಣ ಕೇಳುವವರ ಬಗ್ಗೆಯೂ ಹುಷಾರಾಗಿರಿ. ಡಿಸ್ಲೆಕ್ಸಿಯಾ ಅದರಿಂದ ವಾಸಿಯಾಗುವಂಥದ್ದಲ್ಲ.

ಕನ್ನಡದ ಕಷ್ಟ ಬೇರೆ

ನನ್ನ ಮುಖ್ಯ ತಕರಾರು ಇರುವುದು ಇಲ್ಲಿ. ಮೇಲಿನದೆಲ್ಲ ಇಂಗ್ಲಿಷ್ ಓದಿಗಾಗಿ ಕಟ್ಟಿದ್ದು. ಇಂಗ್ಲಿಷಿನಲ್ಲಿ ಅಕ್ಷರ 26, ಆದರೆ ಬರೆದದ್ದಕ್ಕೂ ಓದುವುದಕ್ಕೂ ತಾಳೆ ಇಲ್ಲ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಆದರೆ ಕಲಿಯಬೇಕಾದ ರೂಪಗಳು ಜಾಸ್ತಿ. ವರ್ಣಮಾಲೆಯಲ್ಲಿ 49 ಅಕ್ಷರ. ಕಾಗುಣಿತ ಹಿಡಿದರೆ ಐನೂರರ ಆಸುಪಾಸು ರೂಪಗಳು. ಒತ್ತಕ್ಷರ ಅದರ ಮೇಲೆ. ಸೊನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಇಂಗ್ಲಿಷ್ ಮಕ್ಕಳು ಅಕ್ಷರಮಾಲೆಯನ್ನು ಬೇಗ ಮುಗಿಸಿದರೆ, ನಮ್ಮ ಮಕ್ಕಳು ನಾಲ್ಕನೇ ತರಗತಿಗೆ ಬಂದರೂ ಅಕ್ಷರ ಕಲಿಯುತ್ತಲೇ ಇರುತ್ತಾರೆ. ಎರಡನೇ ತರಗತಿಯ ಮಗುವಿಗೆ ಎಲ್ಲ ಒತ್ತಕ್ಷರ ಬರಲಿಲ್ಲ ಎಂದು ಗಾಬರಿ ಬೀಳುವುದು ಬೇಡ ಎಂದಾಯಿತು.

ಯಾವ ರೂಪದಲ್ಲಿ ಮಗು ಮುಗ್ಗರಿಸುತ್ತದೆ ಎಂದು ಹತ್ತಿರದಿಂದ ನೋಡಿದರೆ ಪಾಠ ತಾನೇ ಕಾಣುತ್ತದೆ. ‘ವ’ದ ಬಲಕ್ಕೆ ಕೊಂಬು ಅಂಟಿಸಿದರೆ ಅದು ‘ಮ’ದಂತೆ ಕಾಣುತ್ತದೆ. ಅದಕ್ಕೇ ‘ವು’ ಬರೆಯುವಾಗ ಕೊಂಬು ಕೆಳಗಿಳಿದು ಕೂರುತ್ತದೆ. ಇದನ್ನು ಯಾರೂ ಹೇಳಿಕೊಡದ ಮಗು ‘ಹಾವು’ ನೋಡಿ ‘ಹಾಮ’ ಎನ್ನುತ್ತದೆ. ‘ಪ್ರೀತಿ’ಯಲ್ಲಿ ಗುಡಿಸು ಕೂತಿರುವುದು ‘ಪ’ದ ಮೇಲೆ, ಅದರ ಧ್ವನಿ ಬರುವುದು ‘ರ’ ಆದ ಮೇಲೆ. ಕಂಡ ಕ್ರಮದಲ್ಲೇ ಓದುವ ಮಗು ‘ಪೀರ್ತಿ’ ಎನ್ನುತ್ತದೆ. ಅರ್ಕಾವತ್ತು ಇನ್ನೂ ತೊಡಕು. ‘ಸೂರ್ಯ’ ಎನ್ನುವಾಗ ‘ರ್’ ಮೊದಲು ಬರುತ್ತದೆ, ಬರೆಯುವಾಗ ಅದರ ಗುರುತು ‘ಯ’ದ ನಂತರ. ‘ರ’ ಬರೆದು ಅದಕ್ಕೆ ‘ಯ’ ಒತ್ತು ಕೊಡುವ ಇನ್ನೊಂದು ರೂಪವೂ ಬಳಕೆಯಲ್ಲಿದೆ. ಈ ಮಕ್ಕಳಿಗೆ ಮೊದಲು ಅದನ್ನು ಕಲಿಸುವುದು ವಾಸಿ, ಯಾಕೆಂದರೆ ಅಲ್ಲಿ ಬಾಯಿಯ ಕ್ರಮವೂ ಕೈಯ ಕ್ರಮವೂ ಒಂದೇ.

ಇಂಗ್ಲಿಷ್ ಅಕ್ಷರಗಳ ಪಟ್ಟಿ ಹಿಡಿದುಕೊಂಡು ಬಂದ ತರಬೇತಿಯಲ್ಲಿ ಇದ್ಯಾವುದೂ ಸಿಗುವುದಿಲ್ಲ, ಅಲ್ವಾ?

ಹಾಗೆಂದು ನಮ್ಮಲ್ಲಿ ಏನೂ ಇರಲಿಲ್ಲ ಎಂದಲ್ಲ. ಹಿಂದೆ ಐಗಳ ಮಠದಲ್ಲಿ ಮಕ್ಕಳು ಮರಳಿನ ಮೇಲೇ ಅಕ್ಷರ ತಿದ್ದುತ್ತಿದ್ದರು. ಕಾಗುಣಿತ ಹೇಳುವ ನಮ್ಮ ಹಳೆಯ ಪದ್ಧತಿ ನೋಡಿ: ‘ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ.’ ಇದರಲ್ಲಿ ಕೈ ಏನು ಬರೆಯಬೇಕು ಎಂಬುದೂ ಇದೆ, ಬಾಯಿ ಯಾವ ಧ್ವನಿ ಹೊರಡಿಸಬೇಕು ಎಂಬುದೂ ಇದೆ. ಗಿಲ್ಲಿಂಗ್‌ಹ್ಯಾಮ್ ಅವರು ಬರೆಯುತ್ತ ಬರೆಯುತ್ತ ಅಕ್ಷರದ ಹೆಸರು ಹೇಳಿಸುತ್ತಿದ್ದುದಕ್ಕೂ ಇದಕ್ಕೂ ತುಂಬ ಹತ್ತಿರ. ಇಷ್ಟು ಒಳ್ಳೆಯ ಸಾಧನವನ್ನು ನಾವು ಗುಂಪಿನಲ್ಲಿ ಹಾಡಿಸಿ ಹಾಡಿಸಿ ಕಳೆದುಕೊಂಡೆವು. ಮೂವತ್ತು ಮಕ್ಕಳು ರಾಗವಾಗಿ ಹೇಳುವಾಗ ಓದು ಬಾರದ ಮಗುವೂ ಜೊತೆಗೆ ಹಾಡುತ್ತದೆ, ಹಲಗೆ ನೋಡದೆಯೇ. ಪದ್ಯ ಬಾಯಿಗೆ ಬಂತು, ಅಕ್ಷರ ಕಣ್ಣಿಗೆ ಬರಲಿಲ್ಲ. ಇದೇ ಮಾತನ್ನು ಒಂದು ಮಗುವಿನ ಹತ್ತಿರ ಕೂತು, ಕ್ರಮ ತಪ್ಪಿಸಿ ಕೇಳಿ, ಹೇಳುತ್ತ ಬರೆಸಿದರೆ ಹೊರಗಿನಿಂದ ಯಾವ ಕಿಟ್ ತರಿಸುವುದೂ ಬೇಡ.

ಇಪ್ಪತ್ತು ನಿಮಿಷದ ಪಾಠ

ಅಂಕೋಲಾ ಕಡೆಯ ಒಂದು ಶಾಲೆಯಲ್ಲಿ ನಾಲ್ಕನೇ ತರಗತಿಯ ಹುಡುಗನ ಜೊತೆ ಅಕ್ಕೋರೊಬ್ಬರು ಕೂತಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ‘ಅಜ್ಜ ಕೊಡೆ ಹಿಡಿದು ಬಂದ’ ಎಂಬ ಸಾಲು. ಹುಡುಗ ‘ಅಜ್ಜ ಕೆಡೆ’ ಎಂದು ನಿಂತ. ಆಮೇಲೆ ಅಕ್ಕೋರ ಮುಖ ನೋಡಿದ. ಅವರು ತಪ್ಪು ಎನ್ನಲಿಲ್ಲ. ಪುಸ್ತಕ ಮುಚ್ಚಿದರು.

‘ತಮಾ, ಮಳೆ ಬಂದರೆ ಏನು ಹಿಡಿತೆ?’

‘ಕೊಡೆ.’

‘ಕೊಡೆ. ಎಷ್ಟು ತುಂಡು ಮಾಡ್ತೆ?’

ಅವನು ಎರಡು ಚಿಪ್ಪಿ ಇಟ್ಟ. ಒಂದನ್ನು ಮುಟ್ಟಿ ‘ಕೊ’, ಇನ್ನೊಂದನ್ನು ಮುಟ್ಟಿ ‘ಡೆ’. ಮೊದಲ ಚಿಪ್ಪಿಯ ಮಾತು ಹೇಳುವಾಗ ತುಟಿ ಹೇಗಿರುತ್ತದೆ ಎಂದು ಅಕ್ಕೋರು ಬೆರಳಿಟ್ಟು ನೋಡಲು ಹೇಳಿದರು. ದುಂಡಗೆ. ‘ಕೆ’ ಅನ್ನು ನೋಡುವಾ. ತುಟಿ ಅಗಲ. ಹುಡುಗ ಎರಡೂ ಹೇಳಿ ಹೇಳಿ ನೋಡಿದ.

ಆಮೇಲೆ ತಟ್ಟೆ ಬಂತು. ಹೊಯ್ಗೆಯ ಮೇಲೆ ‘ಕ’ ಬರೆದು ಏತ್ವ ಕೊಟ್ಟ, ಕೊಡುತ್ತ ‘ಕೆ’ ಎಂದ. ಅದರ ಪಕ್ಕಕ್ಕೆ ಕೊಂಬಿನ ಇಳಿ ಎಳೆದ, ಎಳೆಯುತ್ತ ‘ಕೊ’ ಎಂದ. ತುಟಿ ದುಂಡಗಾಯಿತು. ಮೇಲೊಂದು ಗುರುತು, ಪಕ್ಕದಲ್ಲೊಂದು ಗುರುತು, ಎರಡೂ ಸೇರಿದರೆ ಒಂದೇ ಧ್ವನಿ. ಇಷ್ಟು ದಿನ ಅವನು ಮೇಲಿನ ಗುರುತು ನೋಡಿ ‘ಕೆ’ ಎಂದು ಓದಿಬಿಡುತ್ತಿದ್ದ, ಪಕ್ಕದ್ದು ಅವನ ಲೆಕ್ಕಕ್ಕೇ ಇರಲಿಲ್ಲ. ಕಣ್ಣು ಎರಡನ್ನೂ ಹುಡುಕಬೇಕು ಎಂಬುದನ್ನು ಅವನ ಕೈ ಅವನಿಗೆ ತೋರಿಸಿತು. ಬಳಿಕ ಅಕ್ಕೋರು ಬಾಯಲ್ಲಿ ಹೇಳಿದರು, ಅವನು ಬರೆದ: ದೊ, ತೊ, ಬೊ. ಅವು ಪದಗಳಾದವು: ದೊರೆ, ತೊಗರಿ, ಬೊಗಸೆ. ಕೊನೆಗೆ ಪುಸ್ತಕ ತೆರೆದು ಅದೇ ಸಾಲು. ಈ ಸಲ ಕೊಡೆ ಕೊಡೆಯಾಗಿಯೇ ಬಂತು.

ಒಟ್ಟು ಇಪ್ಪತ್ತು ನಿಮಿಷ ಆಗಿರಬಹುದು. ನನಗೆ ಮುಖ್ಯ ಅನ್ನಿಸಿದ್ದು ಕೊನೆಯ ಕೆಲಸ. ಅಕ್ಕೋರು ಒಂದು ಚೀಟಿಯಲ್ಲಿ ‘ಕೊ’ ಬರೆದು ಹಳೆಯ ಚೀಟಿಗಳ ಕಟ್ಟಿಗೆ ಸೇರಿಸಿದರು. ಮಾರನೇ ದಿನದ ಪಾಠ ಆ ಕಟ್ಟನ್ನು ಕಲಸಿ ಕೇಳುವುದರಿಂದಲೇ ಶುರು. ‘ಕೋ’ ಇನ್ನೂ ಬಂದಿಲ್ಲ, ಬೇಕೆಂದೇ ಮುಂದಿನ ವಾರಕ್ಕೆ ಬಿಟ್ಟಿದ್ದಾರೆ. ಒಂದನ್ನೊಂದು ಹೋಲುವ ಎರಡು ರೂಪಗಳನ್ನು ಒಟ್ಟಿಗೆ ಕೊಟ್ಟರೆ ಎರಡೂ ಕಲಸಿಹೋಗುತ್ತವೆ. ‘ಪ’, ‘ಷ’, ‘ಫ’ ಮೂರನ್ನು ಒಂದೇ ದಿನ ಹಲಗೆಯ ಮೇಲೆ ಬರೆದು ವ್ಯತ್ಯಾಸ ಹೇಳುವವರು ಇದನ್ನು ಗಮನಿಸಬೇಕು.

ಮನೆಮಾತು ಮತ್ತು ಓದು

ಉತ್ತರ ಕನ್ನಡದಲ್ಲಿ ಈ ವಿಷಯಕ್ಕೆ ಇನ್ನೊಂದು ಪದರ ಇದೆ. ಕಾರವಾರ, ಜೋಯಿಡಾದಲ್ಲಿ ಬಹಳ ಮಕ್ಕಳ ಮನೆಮಾತು ಕೊಂಕಣಿ. ಹಳಿಯಾಳದಲ್ಲಿ ಮರಾಠಿ ಇದೆ, ಭಟ್ಕಳದಲ್ಲಿ ನವಾಯತಿ, ಮುಂಡಗೋಡದಲ್ಲಿ ಗೌಳಿಗರ ಮಾತು. ಶಿರಸಿ, ಸಿದ್ದಾಪುರದ ಹವ್ಯಕರ ಮನೆ ಕನ್ನಡವೂ ಹಾಲಕ್ಕಿಗಳ ಕನ್ನಡವೂ ಪುಸ್ತಕದ ಕನ್ನಡಕ್ಕಿಂತ ಬೇರೆ. ಮಗು ಓದದಿರುವುದು ಡಿಸ್ಲೆಕ್ಸಿಯಾದಿಂದಲೋ, ಶಾಲೆಯ ಭಾಷೆ ಹೊಸದು ಎಂಬ ಕಾರಣಕ್ಕೋ? ಎರಡನ್ನೂ ಬೆರೆಸಿದರೆ ಎರಡು ಕಡೆಯಿಂದಲೂ ಅನ್ಯಾಯ. ಕೊಂಕಣಿ ಮನೆಯ ಆರೋಗ್ಯವಂತ ಮಗುವಿಗೆ ನ್ಯೂನತೆಯ ಹಣೆಪಟ್ಟಿ ಬೀಳಬಹುದು. ನಿಜಕ್ಕೂ ಡಿಸ್ಲೆಕ್ಸಿಯಾ ಇರುವ ಮಗುವನ್ನು ‘ಭಾಷೆ ಬಂದ ಮೇಲೆ ಸರಿಹೋಗ್ತದೆ’ ಎಂದು ವರ್ಷಗಟ್ಟಲೆ ಕಾಯಿಸಬಹುದು. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಅಪಾಯ.

ಒಂದು ಸರಳ ಪರೀಕ್ಷೆ ಮಾಸ್ತರು ಕೂಡ ಮಾಡಬಹುದು. ಮಗುವಿನ ಮನೆಮಾತಿನಲ್ಲೇ ಧ್ವನಿಯ ಆಟ ಆಡಿಸಿ. ಮನೆಯಲ್ಲಿ ನೀರಿಗೆ ‘ಉದಾಕ’ ಎನ್ನುವ ಮಗುವಿಗೆ ಆ ಪದದ ಮೊದಲ ಧ್ವನಿ ಯಾವುದು ಕೇಳಿ. ಅದೇ ಧ್ವನಿಯಿಂದ ಶುರುವಾಗುವ ಇನ್ನೊಂದು ಪದ ಕೇಳಿ. ಮನೆಮಾತಿನಲ್ಲಿ ಇದು ಸಲೀಸಾಗಿ ಆಗಿ ಕನ್ನಡದಲ್ಲಿ ಮಾತ್ರ ತೊಡಕಾದರೆ ಬೇಕಾಗಿರುವುದು ಕನ್ನಡದ ಮಾತುಕತೆ, ಕಥೆ, ಪದ. ಎರಡರಲ್ಲೂ ಧ್ವನಿ ಒಡೆಯಲು ಬರದಿದ್ದರೆ, ಬಣ್ಣ, ಚಿತ್ರಗಳ ಹೆಸರನ್ನು ಬೇಗ ಬೇಗ ಹೇಳಲೂ ಆಗದಿದ್ದರೆ ಮುಂದಿನ ತಪಾಸಣೆ ಬೇಕು. ಮಹಾಪ್ರಾಣದ ತಪ್ಪನ್ನು ಮಾತ್ರ ಇದಕ್ಕೆ ಸಾಕ್ಷಿ ಮಾಡಬೇಡಿ. ‘ಭ’ ಮತ್ತು ‘ಬ’ ನಡುವಿನ ವ್ಯತ್ಯಾಸ ನಮ್ಮ ಎಷ್ಟೋ ಮನೆಗಳ ಮಾತಿನಲ್ಲೇ ಇಲ್ಲ. ಕಿವಿಗೆ ಕೇಳದ್ದನ್ನು ಮಗು ಹೇಗೆ ಬರೆದೀತು?

ಹರಿಯಾಣದ ಮಾನೆಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ‘ಡಾಲಿ’ ಎಂಬ ತಪಾಸಣಾ ಸಾಧನ ರೂಪಿಸಿದೆ. ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಅದು ಇದೆ. ಒಂದರಿಂದ ಐದನೇ ತರಗತಿವರೆಗೆ ಶಿಕ್ಷಕರೇ ತುಂಬಬಹುದಾದ ಪಟ್ಟಿಗಳು ಅದರಲ್ಲಿವೆ. ಕನ್ನಡ, ಮರಾಠಿ ಎರಡೂ ಇರುವ ಇಂಥದ್ದು ನಮ್ಮ ಜಿಲ್ಲೆಗೇ ಹೇಳಿ ಮಾಡಿಸಿದಂತಿದೆ. ಶಿಕ್ಷಕರ ಕೈಗೆ ಅದು ತಲುಪಬೇಕು.

ಮೂರನೇ ತರಗತಿ ದಾಟಿದ ಮೇಲೆ

ಸರ್ಕಾರಿ ಶಾಲೆಗಳ ನಲಿ–ಕಲಿಯಲ್ಲಿ ಈ ಮಕ್ಕಳಿಗೆ ಅನುಕೂಲವಾಗುವ ಅಂಶಗಳು ಈಗಾಗಲೇ ಇವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ 2009–10ರ ಹೊತ್ತಿಗೆ ರಾಜ್ಯಕ್ಕೆಲ್ಲ ಬಂತು. ಅದು ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಸರ, ದಸರ, ಅರಸ, ಗರಗಸ ಎಲ್ಲ 
ಓದಬಹುದು. ಅಕ್ಷರ ಕಲಿತ ಮರುದಿನವೇ ಪದ ಓದಿದ ಖುಷಿ. ಕಾರ್ಡು, ಹಾಡು, ಆಟ ಇವೆ. ಮಗು ತನ್ನ ಗತಿಯಲ್ಲಿ ಮೆಟ್ಟಿಲು ಹತ್ತಬಹುದು. ಅಪ್ಪಟ ಬಹು ಇಂದ್ರಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಡಿಪಾಯ ಬೇಕಿಲ್ಲ.

ತೊಂದರೆ ಇರುವುದು ‘ತನ್ನ ಗತಿಯಲ್ಲಿ’ ಎಂಬಲ್ಲೇ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಅಕ್ಕೋರು ಒಬ್ಬರೇ. ಮುಂದೆ ಹೋಗುವ ಮಗು ಹೋಗುತ್ತದೆ, ಸಿಕ್ಕಿಕೊಂಡ ಮಗು ಅದೇ ಮೆಟ್ಟಿಲಲ್ಲಿ ಕೂರುತ್ತದೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಸಮಯ ಮಾತ್ರ ಕೊಟ್ಟರೆ ಸಾಲದು, ಆ ಸಮಯದಲ್ಲಿ ಯಾರಾದರೂ ಎದುರು ಕೂತು ಕಲಿಸಬೇಕು. ಮೂರನೇ ತರಗತಿ ಮುಗಿದರೆ ನಲಿ–ಕಲಿಯೂ ಮುಗಿಯಿತು. ನಾಲ್ಕನೇ ತರಗತಿಯ ಪುಸ್ತಕ ಮಗುವಿಗೆ ಓದು ಬಂದೇ ಬಂದಿದೆ ಎಂದು ನಂಬಿ ಬರೆದದ್ದು. ಪರಿಸರ, ಗಣಿತದ ಪಾಠಗಳಲ್ಲೂ ಒತ್ತಕ್ಷರ ತುಂಬಿರುತ್ತವೆ. ಅಷ್ಟು ದಿನ ಚಿತ್ರ ನೋಡಿ, ಪಕ್ಕದವರ ಮಾತು ಕೇಳಿ ಹೇಗೋ ದಾಟಿದ ಮಗು ಇಲ್ಲಿ ದೊಪ್ಪನೆ ಬೀಳುತ್ತದೆ. ತರಲೆ, ಹೊಟ್ಟೆನೋವು, ಶಾಲೆ ತಪ್ಪಿಸುವುದು ಶುರುವಾಗುವುದೂ ಎಷ್ಟೋ ಸಲ ಈ ವರ್ಷದಲ್ಲೇ.

ತಾಲೂಕು ಮಟ್ಟದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆ ಇದೆ. ಆದರೆ ಅವರ ವ್ಯಾಪ್ತಿ ಇಡೀ ತಾಲೂಕು, ಅವರು ನೋಡಬೇಕಾದದ್ದು ಎಲ್ಲ ಬಗೆಯ ಅಂಗವೈಕಲ್ಯದ ಮಕ್ಕಳನ್ನು. ಯಲ್ಲಾಪುರ, ಜೋಯಿಡಾದಂಥ ಕಾಡಿನ ತಾಲೂಕಿನಲ್ಲಿ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ಅರ್ಧ ದಿನ ಹೋಗುತ್ತದೆ. ದಿನವೂ ಬೇಕಾದ ಪಾಠವನ್ನು ಅಪರೂಪಕ್ಕೆ ಬರುವವರಿಂದ ನಿರೀಕ್ಷಿಸುವುದು ನ್ಯಾಯ ಅಲ್ಲ. ಅವರು ಮಗುವನ್ನು ಪರೀಕ್ಷಿಸಿ, ಯಾವ ರೂಪದಲ್ಲಿ ಎಡವುತ್ತಿದೆ ಎಂದು ಗುರುತಿಸಿ, ತಿಂಗಳಿಗಾಗುವಷ್ಟು ಪಾಠದ ಕ್ರಮ ಬರೆದು ಕೊಡಲಿ. ದಿನದ ಇಪ್ಪತ್ತು ನಿಮಿಷವನ್ನು ಶಾಲೆಯ ಅಕ್ಕೋರೇ ನಡೆಸಲಿ. ನಮ್ಮ ಜಿಲ್ಲೆಯಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಇರುವ ಪುಟ್ಟ ಶಾಲೆಗಳು ಬಹಳ. ಅದನ್ನು ಯಾವಾಗಲೂ ಕೊರತೆ ಎಂದೇ ಹೇಳುತ್ತೇವೆ. ಒಂದು ಮಗುವಿನ ಎದುರು ಕೂರಲು ಪುರುಸೊತ್ತು ಸಿಗುವುದಿದ್ದರೆ ಅಂಥ ಶಾಲೆಯಲ್ಲೇ ಸಿಗಬೇಕು. ಆದರೆ ಅಕ್ಕೋರನ್ನು ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸದಿಂದ ಅಷ್ಟು ಹೊತ್ತಾದರೂ ಬಿಡಿಸಬೇಕು. ಇದು ಇಲಾಖೆ ಮಾಡಬೇಕಾದ ಕೆಲಸ.

ಕಾನೂನು ಏನು ಕೊಡುತ್ತದೆ

1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಗೆ ಜಾಗ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯನ್ನೂ ಸೇರಿಸಿತು. ಡಿಸ್ಲೆಕ್ಸಿಯಾ ಬರುವುದು ಇದರೊಳಗೆ. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ, ಅವರಿಗೆ ತಕ್ಕ ರೀತಿಯಲ್ಲಿ ಕಲಿಸಬೇಕು ಎಂದು ಕಾಯ್ದೆಯ 16ನೇ ಕಲಮು ಹೇಳುತ್ತದೆ. 17ನೇ ಕಲಮಿನಲ್ಲಿ ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಯ ಮಾತಿದೆ. 2018ರ ಮಾರ್ಗಸೂಚಿ ಪ್ರಕಾರ ಮೂರನೇ ತರಗತಿ ಅಥವಾ 8 ವರ್ಷ, ಯಾವುದು ಮೊದಲೋ ಆಗ ಶಾಲೆಯಲ್ಲಿ ಪ್ರಾಥಮಿಕ ತಪಾಸಣೆ ಆಗಬೇಕು ಎಂದಿತ್ತು. ನ್ಯೂನತೆಯ ಪ್ರಮಾಣಪತ್ರ ಕೊಡುತ್ತಿದ್ದುದು 8 ವರ್ಷ ತುಂಬಿದ ಮೇಲೆ, ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳ ಆಧಾರದ ಮೇಲೆ.

ಪ್ರಮಾಣಪತ್ರಕ್ಕೆ ಅಧಿಕೃತ ಆಸ್ಪತ್ರೆಗೇ ಹೋಗಬೇಕು. ಸಿದ್ದಾಪುರದ ಹಳ್ಳಿಯಿಂದ ಘಟ್ಟ ಇಳಿದು ಕಾರವಾರಕ್ಕೆ ನೂರು ಕಿಲೋಮೀಟರಿಗಿಂತ ಜಾಸ್ತಿ. ಅಡಿಕೆ ಕೊಯ್ಲಿನ ಹೊತ್ತಲ್ಲೋ ಮೀನುಗಾರಿಕೆಯ ಹಂಗಾಮಿನಲ್ಲೋ ಕೂಲಿ ಬಿಟ್ಟು ಹೋಗುವುದು ಬಡ ಪಾಲಕರಿಗೆ ಸುಲಭ ಅಲ್ಲ. ಶೈಕ್ಷಣಿಕವಾಗಿ ಕಾರವಾರ, ಶಿರಸಿ ಎರಡು ಜಿಲ್ಲೆಗಳೇ ಆಗಿರುವಾಗ ಶಿರಸಿಯಲ್ಲೂ ವರ್ಷಕ್ಕೆ ಕೆಲವು ದಿನ ಈ ತಪಾಸಣಾ ಶಿಬಿರ ನಡೆಸುವುದು ದೊಡ್ಡ ಬೇಡಿಕೆಯೇನೂ ಅಲ್ಲ.

ಪಾಲಕರು ಒಂದನ್ನು ನೆನಪಿಡಬೇಕು. ಪ್ರಮಾಣಪತ್ರ ಬೇಕಾಗಿರುವುದು ಪರೀಕ್ಷೆಯ ರಿಯಾಯಿತಿಗೆ. ಕಲಿಸುವುದಕ್ಕೆ ಅದು ಬೇಡ. ‘ಕಾಗದ ಬರಲಿ, ಆಮೇಲೆ ನೋಡೋಣ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮಗು ಎರಡನೇ ತರಗತಿಯಲ್ಲಿ ತಿಣುಕಾಡುತ್ತಿದ್ದರೆ ದಿನದ ಪಾಠ ನಾಳೆಯಿಂದಲೇ ಶುರುವಾಗಲಿ. ಡಿಸ್ಲೆಕ್ಸಿಯಾ ಇಲ್ಲದ ಮಗುವಿಗೂ ಅದರಿಂದ ಒಳ್ಳೆಯದೇ ಆಗುತ್ತದೆ.

ಇನ್ನು ಕಾಗದದ ವಿಷಯ. 2018ರ ಮಾರ್ಗಸೂಚಿಯಲ್ಲಿ 14ನೇ ವರ್ಷಕ್ಕೆ ಒಮ್ಮೆ, 18ನೇ ವರ್ಷಕ್ಕೆ ಒಮ್ಮೆ ಮರುಪರೀಕ್ಷೆ ಮಾಡಿಸಬೇಕು ಎಂದಿತ್ತು. 2024ರಲ್ಲಿ ಪರಿಷ್ಕೃತ ಮಾರ್ಗಸೂಚಿ ಬಂದಿರುವುದರಿಂದ ಹೊರಡುವ ಮೊದಲು ಆಸ್ಪತ್ರೆಯಲ್ಲೋ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲೋ ಈಗಿನ ನಿಯಮ ಕೇಳಿಕೊಳ್ಳಿ. 14 ವರ್ಷ ಎಂದರೆ ಎಂಟು, ಒಂಬತ್ತನೇ ತರಗತಿಯ ಹೊತ್ತು. ಎಸ್ಸೆಸ್ಸೆಲ್ಸಿಗೆ ಹೆಚ್ಚುವರಿ ಸಮಯ ಬೇಕಿದ್ದರೆ ಹತ್ತನೇ ತರಗತಿಯ ಮಧ್ಯದಲ್ಲಿ ಓಡಾಡುವುದು ಬೇಡ. ಒಂಬತ್ತನೇ ತರಗತಿ ಶುರುವಾಗುವ ಜೂನ್ ತಿಂಗಳಲ್ಲೇ ಮುಖ್ಯಾಧ್ಯಾಪಕರಿಗೆ ಅರ್ಜಿ ಬರೆದು ಕೊಡಿ, ಸ್ವೀಕರಿಸಿದ್ದಕ್ಕೆ ಒಂದು ಸಹಿ ಹಾಕಿಸಿಕೊಳ್ಳಿ. ಮಗು ಎಲ್ಲಿ ಎಡವುತ್ತದೆ ಎಂಬುದಕ್ಕೆ ಅದರದ್ದೇ ಎರಡು ಮೂರು ವರ್ಷದ ನೋಟ್‌ಬುಕ್‌ಗಳನ್ನು ರದ್ದಿಗೆ ಹಾಕದೆ ಇಟ್ಟುಕೊಂಡು ಆಸ್ಪತ್ರೆಗೆ ಜೊತೆಗೆ ಒಯ್ಯಿರಿ.